ಮರಳ ಗುಡ್ಡದ ಮೇಲೆ ದನದ ಗಂಟೆ

ನಾನು ಕಾಲಿಟ್ಟಲ್ಲಿ ಏನಾದರೊಂದು ಆಗದೆ ಇರುವುದಿಲ್ಲ. ಕೆಲವರು ಲೋಕವೆಲ್ಲ ಸುತ್ತಿ ಬಂದರೂ ಹೇಳಲಿಕ್ಕೆ ಒಂದು ಕಥೆ ಇರುವುದಿಲ್ಲ. ನಾನು ಬೆಂಕಿಪೊಟ್ಟಣ ತರಲು ಹೋದರೂ ಎರಡು ಕಥೆ ನನ್ನ ಹಿಂದೆಯೇ ನಡೆದುಕೊಂಡು ಮನೆಗೆ ಬರುತ್ತವೆ. ಉಳ್ಳಾಲದಲ್ಲಿ ಹುಟ್ಟಿದವ ನಾನು. ಶಾಲೆಯ ಜಗಲಿ ಹತ್ತಿದ್ದು ಮಳೆಗೆ ನಿಲ್ಲಲಿಕ್ಕೆ ಮಾತ್ರ. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ಓದಿ. ಆದರೆ ಡ್ರೈವಿಂಗಿನಲ್ಲಿ ನನ್ನನ್ನು ಮೀರಿಸಿದವ ಕತಾರಿನ ದೋಹಾದಲ್ಲಿ ಇರಲಿಲ್ಲ. ನನ್ನ ಬಸ್ಸು ಬರುವುದು ಕಂಡರೆ ಡೊಂಕು ರಸ್ತೆಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು.

ತೊಂಬತ್ತರ ದಶಕದಲ್ಲಿ, ಪ್ರತಿ ಗುರುವಾರ ಮಧ್ಯಾಹ್ನ, ನಾನು ಮಕ್ಕಳ ಸ್ಕೀ ಕ್ಲಬ್ಬಿಗೆ ಬಸ್ಸು ಓಡಿಸುತ್ತಿದ್ದೆ. ಇದನ್ನು ಹೇಳಿದ ಕೂಡಲೇ ಊರಿನವರು ನಗುತ್ತಾರೆ. “ಸ್ಕೀ ಅಂದ್ರೆ ಹಿಮದಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವುದಲ್ಲವಾ ಕಾಕಾ? ಕತಾರಿನಲ್ಲಿ ಹಿಮ ಎಲ್ಲಿಂದ?” ಅನ್ನುತ್ತಾರೆ. ಹಿಮ ಇಲ್ಲದಿದ್ದರೆ ಎಂತ ಆಯಿತು ಮಾರಾಯ್ರೆ, ಮರಳು ಇತ್ತಲ್ಲ!

ರಜೆಗೆ ಹೋದ ಗುಡ್ಡ

ಕ್ಲಬ್ಬು ಶುರು ಮಾಡಿದವ ಸ್ವಿಟ್ಜರ್ಲೆಂಡಿನ ಒಬ್ಬ ಇಂಜಿನಿಯರು. ನಾವು ಕೋಚ್ ಸಾಹೇಬ ಅನ್ನುತ್ತಿದ್ದೆವು. ಅವನ ಊರಿನಲ್ಲಿ ಮಕ್ಕಳು ನಡೆಯುವ ಮೊದಲೇ ಜಾರಲು ಕಲಿಯುತ್ತಾರಂತೆ. ಅಲ್ಲಿಂದ ಹಳೇ ಸ್ಕೀ ಹಲಗೆಗಳನ್ನು ತರಿಸಿ, ನಾನಾ ದೇಶದ ಮಕ್ಕಳನ್ನು ಸೇರಿಸಿ, ಪರ್ವತದ ಹೆಸರಿನಲ್ಲಿ ಒಂದು ಕ್ಲಬ್ಬು ಕಟ್ಟಿದ. ಪರ್ವತ ಒಂದು ಮಾತ್ರ ಇರಲಿಲ್ಲ. ಕತಾರು ಅಂದರೆ ದೋಸೆ ಕಾವಲಿಯ ಹಾಗೆ ಚಪ್ಪಟೆ.

ದಕ್ಷಿಣಕ್ಕೆ, ಡಾಮಾರು ಮುಗಿದ ಮೇಲೆ, ಸಮುದ್ರದ ಹತ್ತಿರ ದೊಡ್ಡ ದೊಡ್ಡ ಮರಳ ಗುಡ್ಡೆಗಳುಂಟು. ಅವುಗಳಲ್ಲಿ ಅತಿ ಎತ್ತರದ್ದನ್ನು ಹುಡುಕಿ ಕೊಟ್ಟವ ನಾನೇ. ಅದರ ತುದಿಯಲ್ಲಿ ನಿಂತರೆ ನನಗೆ ಉಳ್ಳಾಲದ ಸಮುದ್ರ ಕಾಣುತ್ತಿತ್ತು. ಬೇರೆಯವರಿಗೆ ಕಾಣದಿದ್ದರೆ ಅದು ಅವರ ಕಣ್ಣಿನ ದೋಷ.

ಒಮ್ಮೆ ವಾರವಿಡೀ ಬಿರುಗಾಳಿ ಬೀಸಿತು. ಗುರುವಾರ ಹೋಗಿ ನೋಡಿದರೆ ನಮ್ಮ ಗುಡ್ಡ ಇಲ್ಲ! ಅಂದು ಮಗಳ ಆಟ ನೋಡಲು ಮೈಸೂರಿನ ಒಬ್ಬರು ಆಫೀಸರು ಹೆಂಡತಿಯೊಡನೆ ಬಂದಿದ್ದರು. ಟೈ ಕಟ್ಟಿದ್ದ ಅವರು ಬಸ್ಸಿನಿಂದ ಇಳಿದು ನಾಲ್ಕೂ ದಿಕ್ಕು ನೋಡಿ, “ಏನ್ರೀ ಇದು, ಹೋದ ವಾರ ಇಲ್ಲೇ ಇತ್ತು ಅಂತ ಮಗು ಹೇಳ್ತಲ್ಲ? ಎಲ್ರೀ ಹೋಯ್ತು?” ಎಂದರು.

ನಾನು ಬಿಟ್ಟುಕೊಡುವವನಾ? “ಇಲ್ಲಿ ಎಲ್ಲರಿಗೂ ಎರಡು ವರ್ಷಕ್ಕೊಮ್ಮೆ ರಜೆ ಅಲ್ಲವಾ ಸಾರ್, ಅದೂ ಊರಿಗೆ ಹೋಗಿರಬೇಕು” ಎಂದೆ.

ಅವರು ತಲೆಯಾಡಿಸಿದರು. “ಅದಕ್ಕಾದ್ರೂ ರಜೆ ಸಿಕ್ತಲ್ಲ ಬಿಡಿ. ನಂದಿನ್ನೂ ಮ್ಯಾನೇಜರ್ ಟೇಬಲ್ ಮೇಲಿದೆ.”

ಒಂಟೆಗೆ ಬಂದ ಬುಲಾವು

ಆ ಗುಡ್ಡ ಹೋದರೆ ಪಕ್ಕದ ಗುಡ್ಡ, ಅದನ್ನು ಹುಡುಕಿ ಕೊಟ್ಟವನೂ ನಾನೇ. ಓಟದ ನಿಯಮ ಸುಲಭ. ಖರ್ಜೂರದ ಗರಿಯ ದಂಟುಗಳನ್ನು ಜೋಡಿ ಜೋಡಿಯಾಗಿ ಇಳಿಜಾರಿನಲ್ಲಿ ನೆಟ್ಟು ಕೆಂಪು ಬಟ್ಟೆ ಕಟ್ಟುತ್ತಿದ್ದೆವು. ಅದಕ್ಕೆ ಗೇಟು ಅನ್ನುವುದು. ಒಂದು ಗೇಟನ್ನೂ ಬಿಡದೆ ಎಲ್ಲದರ ಒಳಗಿನಿಂದ ಹಾದು ಕೆಳಗೆ ಬರಬೇಕು. ಕೆಳಗೆ ಒಂದು ಕಂಬಕ್ಕೆ ಕೋಚ್ ಸಾಹೇಬ ತನ್ನ ಊರಿನ ದನದ ಗಂಟೆ ಕಟ್ಟಿದ್ದ. ಒಂದು ಕೊಡಪಾನದಷ್ಟು ದೊಡ್ಡದು. ಅದನ್ನು ಕಟ್ಟಿಕೊಂಡ ದನ ನಮ್ಮ ಬಸ್ಸಿಗಿಂತ ಸಣ್ಣದಿರಲಿಕ್ಕಿಲ್ಲ. ಬೀಳದೆ, ಕೂರದೆ, ನಿಂತುಕೊಂಡೇ ಕೆಳಗೆ ಬಂದವರಿಗೆ ಮಾತ್ರ ಆ ಗಂಟೆ ಬಾರಿಸುವ ಹಕ್ಕು. ಮೊದಲು ಬಂದವನಿಗೂ ಅದೇ, ಕೊನೆಗೆ ಬಂದವನಿಗೂ ಅದೇ. ಬೇರೆ ಬಹುಮಾನ, ಅಲ್ಲಿಯ ಅರಬ್ಬಿಯಲ್ಲಿ ಹೇಳುವುದಾದರೆ, ಮಾಫಿ, ಇಲ್ಲವೇ ಇಲ್ಲ.

ಮಕ್ಕಳು ಆ ಗಂಟೆಗೆ ಜೀವ ಬಿಡುತ್ತಿದ್ದರು. ಆದರೆ ಮೊದಲ ಸಲ ಅದನ್ನು ಬಾರಿಸಿದಾಗ ಓಡಿ ಬಂದದ್ದು ಒಂಟೆಗಳು. ಹತ್ತಿರದಲ್ಲೇ ಸುಡಾನಿನ ಒಬ್ಬ ಅಜ್ಜ ಒಂಟೆ ಸಾಕುತ್ತಿದ್ದ. ಮೇವು ಹಾಕುವ ಹೊತ್ತಿಗೆ ಆತ ತಗಡು ಬಡಿಯುವುದು ರೂಢಿ. ಗಂಟೆ ಢಣ್ ಎಂದದ್ದೇ ತಡ, ಮದುವೆ ಊಟಕ್ಕೆ ಕರೆದ ಹಾಗೆ ಎಲ್ಲ ಒಂಟೆಗಳೂ ಬಂದು ಸಾಲಾಗಿ ನಿಂತವು. ಒಂದಂತೂ ಕೊನೆಯ ಗೇಟಿನಲ್ಲೇ ಅಡ್ಡ ನಿಂತಿತು.

ಆಗಲೇ ಮೇಲಿನಿಂದ ಒಬ್ಬ ಲೆಬನಾನಿನ ಹುಡುಗ ಬಾಣದ ಹಾಗೆ ಬರುತ್ತಿದ್ದ. ‘ಬಗ್ಗು, ಮೊಣಕಾಲು ಮಡಿಸು’ ಎಂದು ಸಾಹೇಬ ತಿಂಗಳುಗಟ್ಟಲೆ ಕೂಗಿದರೂ ಬಿದಿರಿನ ಹಾಗೆ ನೆಟ್ಟಗೆ ನಿಲ್ಲುತ್ತಿದ್ದವ ಅವ. ಒಂಟೆ ಕಂಡದ್ದೇ ಹೇಗೆ ಬಗ್ಗಿದ ಗೊತ್ತುಂಟಾ! ಗದ್ದ ಮೊಣಕಾಲಿಗೆ ತಾಗಿತು. ಒಂಟೆಯ ಹೊಟ್ಟೆಯ ಅಡಿಯಿಂದಲೇ ಸುಂಯ್ ಎಂದು ದಾಟಿ ಹೋಗಿ ಗಂಟೆ ಬಾರಿಸಿದ. ಒಂಟೆಗೆ ಏನೂ ಗೊತ್ತಾಗಲಿಲ್ಲ. ಸ್ವಲ್ಪ ಕಚಗುಳಿ ಆಗಿರಬೇಕು, ಬಾಲ ಆಡಿಸಿತು.

ನಾನು ಸುಡಾನಿ ಅಜ್ಜನ ಕೈಕಾಲು ಹಿಡಿದು ಒಂಟೆಗಳನ್ನು ಕಳಿಸಿದೆ. ಸಾಹೇಬ ಬೈಯುತ್ತಾನೆ ಎಂದುಕೊಂಡರೆ, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: “ಮುಂದಿನ ಗುರುವಾರವೂ ಆ ಒಂಟೆ ಬರಬಹುದಾ?”

ಉಣ್ಣೆಯ ಮೂಟೆ

ಈಗ ಮೈಸೂರಿನ ಆಫೀಸರ ಮಗಳ ಸಂಗತಿ. ಎಂಟೊಂಬತ್ತು ವರ್ಷದ ಪುಟಾಣಿ. ದೋಹಾದ ಅಲ್ ಸದ್ದ್ ಬಡಾವಣೆಯ ಫ್ಲ್ಯಾಟಿನ ಎದುರು ನನ್ನ ಬಸ್ಸು ನಿಂತರೆ ಮೊದಲು ಒಂದು ಉಣ್ಣೆಯ ಮೂಟೆ ಇಳಿದು ಬರುತ್ತಿತ್ತು. ಒಳಗಿರುವುದು ಇವಳು. ಸ್ಕೀ ಆಡುವ ಮಕ್ಕಳ ಫೋಟೋ ಎಲ್ಲೋ ನೋಡಿದ್ದ ಅವಳ ತಾಯಿ, ಅದರಲ್ಲಿದ್ದ ಹಾಗೆಯೇ ಸ್ವೆಟರು, ಅದರ ಮೇಲೆ ಇನ್ನೊಂದು ಸ್ವೆಟರು, ಮಂಕಿ ಕ್ಯಾಪು, ಕೈಗವಸು ಹಾಕಿ ಕಳಿಸುತ್ತಿದ್ದರು.

“ಮೇಡಂ, ಬೇಯುತ್ತದೆ ಮಗು” ಎಂದೆ ಒಮ್ಮೆ.

“ನಿಮಗ್ ಗೊತ್ತಾಗಲ್ಲ ಸುಮ್ನಿರಿ. ಬಿದ್ರೆ ಮೆತ್ತಗಿರ್ಲಿ ಅಂತ” ಎಂದರು.

ಮೇಡಂ ಹೇಳಿದ್ದೂ ಸರಿಯೇ. ಆ ಹುಡುಗಿ ಪ್ರತಿ ಸಲವೂ ಬೀಳುತ್ತಿದ್ದಳು. ಬೀಳುವುದು ಅಂತಲ್ಲ, ಕೂರುವುದು. ಮೊದಲ ಗೇಟು ಚೆಂದ ದಾಟುತ್ತಾಳೆ, ಎರಡನೆಯದೂ ದಾಟುತ್ತಾಳೆ. ವೇಗ ಬಂತು ಅನ್ನುವಾಗ ಕಣ್ಣು ಮುಚ್ಚಿ, ಬಸ್ಸಿನ ಸೀಟಿನಲ್ಲಿ ಕೂತ ಹಾಗೆ ತಪ್ಪನೆ ಕೂತುಬಿಡುತ್ತಾಳೆ. ಹಾಗಾಗಿ ಕ್ಲಬ್ಬಿನ ಎಲ್ಲ ಮಕ್ಕಳೂ ಗಂಟೆ ಬಾರಿಸಿ ಆಗಿತ್ತು, ಇವಳೊಬ್ಬಳನ್ನು ಬಿಟ್ಟು. ಬೇರೆಯವರು ಬಾರಿಸುವಾಗೆಲ್ಲ ಇವಳು ಕೈಗವಸಿನ ಕೈಯಲ್ಲೇ ಚಪ್ಪಾಳೆ ತಟ್ಟುತ್ತಿದ್ದಳು. ಸದ್ದು ಬರುತ್ತಿರಲಿಲ್ಲ, ಪಾಪ.

ಒಂದು ದಿನ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿಗೆ ಬಂದು ಕೂತಳು.

“ಕಾಕಾ, ಅಪ್ಪಂಗೆ ಇಲ್ಲಿ ಕೆಲ್ಸ ಖಲಾಸ್ ಅಂತೆ. ಎಕ್ಸಾಮ್ ಮುಗಿದ್ ಮೇಲೆ ನಾವು ಮೈಸೂರಿಗೆ ಹೋಗ್ಬಿಡ್ತೀವಿ.”

“ಒಳ್ಳೆಯದಾಯಿತಲ್ಲ ಮಗಳೇ. ಅಜ್ಜಿ ಇದ್ದಾರೆ, ಅರಮನೆ ಉಂಟು.”

“ಅಲ್ಲಿ ಮರಳು ಗುಡ್ಡ ಇದ್ಯಾ?”

“ಚಾಮುಂಡಿ ಬೆಟ್ಟ ಉಂಟು.”

“ಅಲ್ಲಿ ಮೆಟ್ಲಿದೆ ಕಾಕಾ. ಜಾರಕ್ಕಾಗಲ್ಲ.” ನನ್ನ ಸೀಟಿನ ಬೆನ್ನು ಹಿಡಿದು ಮುಂದಕ್ಕೆ ಬಾಗಿದಳು. “ನಂಗೆ ಒಂದೇ ಒಂದ್ಸಲ ಗಂಟೆ ಹೊಡೀಬೇಕು.”

ನಾನು ಬ್ರೇಕಿನ ಮೇಲೆ ಕಾಲಿಟ್ಟೆ. “ನಿಲ್ಲಿಸಲಾ ಬಸ್ಸು? ಈಗಲೇ ಹೋಗಿ ಬಾರಿಸಿ ಬರುವಾ. ಯಾರು ಕೇಳುತ್ತಾರೆ?”

ಅವಳು ನನ್ನನ್ನು ಹೇಗೆ ನೋಡಿದಳೆಂದರೆ, ಟ್ರಾಫಿಕ್ ಪೊಲೀಸರೂ ನನ್ನನ್ನು ಹಾಗೆ ನೋಡಿದ್ದಿಲ್ಲ.

“ನಿಂತ್ಕೊಂಡು ಬಂದ್ಮೇಲೆ ಕಾಕಾ. ಇಲ್ದಿದ್ರೆ ಅದು ಬರೀ ಸದ್ದು.”

ಉಳ್ಳಾಲದ ವಿದ್ಯೆ

ಅವಳ ಕೊನೆಯ ಗುರುವಾರ ಬಂತು. ಮರುವಾರ ವಿಮಾನ. ಅಂದು ತಾಯಿಯೂ ಬಸ್ಸು ಹತ್ತಿದರು, ಕೈಯಲ್ಲಿ ಸ್ಟೀಲಿನ ಡಬ್ಬಿ. “ಬೆಳಿಗ್ಗೆಯಿಂದ ಒಂದ್ ತುತ್ತು ಮುಟ್ಟಿಲ್ಲ ಇವ್ಳು. ಹೊಟ್ಟೇಲಿ ಭಯ ತುಂಬ್ಕೊಂಡಿದೆ, ಅನ್ನ ಎಲ್ಲಿ ಹೋಗುತ್ತೆ?” ಎಂದರು.

ನಾನು ತೀರ್ಮಾನ ಮಾಡಿದೆ, ಇದು ಸಾಹೇಬನ ಕೈಯಲ್ಲಿ ಆಗುವ ಕೆಲಸ ಅಲ್ಲ ಎಂದು. ಆತ ಹಲಗೆಯ ಅಡಿಗೆ ಮೇಣ ಉಜ್ಜುತ್ತಿದ್ದ. ಮೇಣವಂತೆ ಮೇಣ! ಉಳ್ಳಾಲದವನಿಗೆ ಮರಳಿನ ಪಾಠವಾ? ದೋಣಿಯನ್ನು ಮರಳ ಮೇಲೆ ನೂಕುವಾಗ ಅಡಿಗೆ ಹಾಕುವ ಮರಕ್ಕೆ ಎಣ್ಣೆ ಹಚ್ಚುವುದನ್ನು ನೋಡಿಯೇ ಬೆಳೆದವ ನಾನು. ಅಷ್ಟು ದೊಡ್ಡ ದೋಣಿಯೇ ಜಾರುತ್ತದೆ, ಈ ಪುಟಾಣಿ ಜಾರುವುದಿಲ್ಲವಾ? ಇವಳಿಗೆ ಕೂರಲು ಪುರುಸೊತ್ತು ಸಿಗುವ ಮೊದಲೇ ಕೆಳಗೆ ಮುಟ್ಟಬೇಕು, ಅಷ್ಟು ವೇಗ ಕೊಡಬೇಕು ಎಂದು ನನ್ನ ಲೆಕ್ಕ. ಊರಿನಿಂದ ಬಂದ ಶುದ್ಧ ತೆಂಗಿನೆಣ್ಣೆ ಬಸ್ಸಿನಲ್ಲಿತ್ತು. ಸಾಹೇಬ ಆಚೆ ಗೇಟು ನೆಡುವಾಗ ಅವಳ ಎರಡೂ ಹಲಗೆಗಳ ಅಡಿಗೆ, ಬಾಣಂತಿಗೆ ಹಚ್ಚುವ ಹಾಗೆ, ಧಾರಾಳವಾಗಿ ಹಚ್ಚಿದೆ.

ಬಾಕಿ ಮಕ್ಕಳೆಲ್ಲ ಇಳಿದಾಯಿತು. ಕೊನೆಗೆ ಇವಳು. ಸಾಹೇಬ ಕೆಳಗಿನಿಂದ “ಯಲ್ಲಾ, ಹೊರಡು!” ಎಂದು ಕೂಗಿದ. ಹುಡುಗಿ ಕಣ್ಣು ಮುಚ್ಚಿ, ಕೋಲು ಊರಿ ತಳ್ಳಿದಳು.

ಒಂದು ಗೇಣು ಹೋಗಿ ನಿಂತಳು.

ಎಣ್ಣೆಗೆ ಕತಾರಿನ ಅರ್ಧ ಮರಳು ಅಂಟಿತ್ತು. ಹಲಗೆಗಳು ರವೆಯಲ್ಲಿ ಹೊರಳಿಸಿದ ಕಾಣೆ ಮೀನಿನ ಹಾಗಾಗಿದ್ದವು. ಮತ್ತೊಮ್ಮೆ ತಳ್ಳಿದಳು, ಮತ್ತೊಂದು ಗೇಣು. ಒಂದು ಕಣ್ಣು ತೆರೆದಳು. ಆಮೇಲೆ ಇನ್ನೊಂದು.

“ಕಾಕಾ, ಇವತ್ತು ಭಯಾನೇ ಆಗ್ತಿಲ್ಲ!” ಎಂದು ಕೂಗಿದಳು.

ನೋಡಿ ನನ್ನ ಎಣ್ಣೆಯ ಗುಣ!

ಮಂಗಳೂರಿನ ಮದುವೆ ದಿಬ್ಬಣ ಇದಕ್ಕಿಂತ ಬೇಗ ಹೋಗುತ್ತದೆ. ತಳ್ಳುವುದು, ಗೇಣು ಜಾರುವುದು, ತಳ್ಳುವುದು. ಮೊದಲ ಗೇಟು ದಾಟಿದಳು. ಎರಡನೆಯದನ್ನೂ ದಾಟಿದಳು. ಕೂರುವ ಜಾಗ ಬಂತು, ಕೂರಲಿಲ್ಲ. ಕೆಳಗೆ ಮಕ್ಕಳು ಬಿಸ್ಕತ್ತು ತಿಂದು ಮುಗಿಸಿದರು. ನಾನು ಬಸ್ಸಿನ ಹಿಂದೆ ಹೋಗಿ ಇಳಿಹೊತ್ತಿನ ಅಸರ್ ನಮಾಜು ಮಾಡಿ, ಊರಿನಲ್ಲಿರುವ ಒಬ್ಬೊಬ್ಬರ ಹೆಸರು ಹಿಡಿದು ದುವಾ ಮಾಡಿ ಬಂದೆ. ಇನ್ನೂ ಅರ್ಧ ಇಳಿಜಾರಿನಲ್ಲಿದ್ದಳು. ಆದರೆ ನಿಂತಿದ್ದಳು!

ಅಷ್ಟರಲ್ಲಿ ಅವಳ ಹೆಗಲು ಬಾಗಿತು. ತಳ್ಳಿ ತಳ್ಳಿ ಸುಸ್ತು. ಖಾಲಿ ಹೊಟ್ಟೆ ಬೇರೆ. ಇನ್ನೇನು ಕೂತಳು ಅನ್ನುವಾಗ, ನನ್ನ ಪಕ್ಕದಿಂದ ಏನೋ ಗಾಳಿಯ ಹಾಗೆ ಹೋಯಿತು. ನೋಡಿದರೆ ಮೇಡಂ! ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಹವಾಯಿ ಚಪ್ಪಲಿಯಲ್ಲಿ, ಡಬ್ಬಿ ಹಿಡಿದು ಗುಡ್ಡ ಹತ್ತುತ್ತಿದ್ದಾರೆ. ನೀರಿನ ಬಾಟ್ಲಿ ಬಿಟ್ಟು ಹೋಗಿದ್ದರು. ಅದನ್ನು ಹಿಡಿದು ನಾನೂ ಓಡಿದೆ.

“ಏ ಪುಟ್ಟಿ, ಆ ಮಾಡು!”

“ಅಮ್ಮಾ, ರೇಸಲ್ಲಿದ್ದೀನಿ!”

“ರೇಸ್ ಓಡೋಗಲ್ಲ. ನೀನೇ ಓಡ್ತಿಲ್ಲ, ಅದೆಲ್ಲಿ ಓಡುತ್ತೆ! ಆ ಮಾಡು.”

ಒಂದು ತುತ್ತು ಮೊಸರನ್ನ ಬಾಯಿಗೆ. ಹುಡುಗಿ ಅಗಿಯುತ್ತಾ ತಳ್ಳಿದಳು, ಒಂದು ಗೇಣು. ಇನ್ನೊಂದು ತುತ್ತು, ಇನ್ನೊಂದು ಗೇಣು. ಮೂರನೇ ತುತ್ತಿಗೆ ಮಾವಿನ ಮಿಡಿ ಉಪ್ಪಿನಕಾಯಿ. ಅದಕ್ಕೆ ಎರಡು ಗೇಣು ಹೋದಳು.

ಕೆಳಗೆ ಇಂಗ್ಲಿಷ್ ಹುಡುಗನೊಬ್ಬನ ಅಪ್ಪ, ಓಟದ ಮಧ್ಯೆ ಊಟ ಮಾಡಬಹುದಾ ಎಂದು ತಕರಾರು ತೆಗೆದನಂತೆ. ಕೋಚ್ ಸಾಹೇಬ ಗಂಭೀರವಾಗಿ ಯೋಚಿಸಿ, “ತಾಯಿ ಮಗುವನ್ನು ಮುಟ್ಟಬಾರದು, ತಳ್ಳಬಾರದು. ಅನ್ನದ ಬಗ್ಗೆ ನಿಯಮದಲ್ಲಿ ಏನೂ ಇಲ್ಲ” ಎಂದನಂತೆ.

ಹಾಗೆ ನಾವು ಮೂವರೂ ಗೇಟುಗಳ ಒಳಗಿನಿಂದಲೇ ಬಂದೆವು. ಮುಂದೆ ಹುಡುಗಿ, ಪಕ್ಕದಲ್ಲಿ ತುತ್ತು ಹಿಡಿದ ಮೇಡಂ, ಹಿಂದೆ ಬಾಟ್ಲಿ ಹಿಡಿದ ನಾನು. ಕೊನೆಯ ಗೇಟಿನ ಹತ್ತಿರ ಮಕ್ಕಳೆಲ್ಲ ತಮ್ಮ ತಮ್ಮ ಭಾಷೆಯಲ್ಲಿ ಕಿರುಚುತ್ತಿದ್ದರು. ಸೂರ್ಯ ಕೆಳಗಿಳಿದು, ಹುಡುಗಿಯ ನೆರಳು ಅವಳಿಗಿಂತ ಮೊದಲೇ ಗಂಟೆ ಮುಟ್ಟಿತ್ತು.

ಆಮೇಲೆ ಅವಳೂ ಮುಟ್ಟಿದಳು. ಕೈಗವಸು ಬಿಚ್ಚಿ ತಾಯಿಯ ಕೈಗೆ ಕೊಟ್ಟು, ಬರಿಗೈಯಲ್ಲಿ ಹಗ್ಗ ಹಿಡಿದು ಎಳೆದಳು. ಢಣ್!

ನಮ್ಮ ಸಾಹೇಬನ ಕನ್ನಡಕ ಮಂಜಾಯಿತು. ಮೇಡಂ ಸೆರಗಿನಿಂದ ಕಣ್ಣು ಒರೆಸಲು ಹೋಗಿ ಮುಖಕ್ಕೆಲ್ಲ ಮೊಸರು ಮಾಡಿಕೊಂಡರು. ಆಗ ಹುಡುಗಿ ಸಾಹೇಬನ ಅಂಗಿ ಎಳೆದು ಏನೋ ಹೇಳಿದಳು. ಸಾಹೇಬ ನಗುತ್ತಾ ಹಗ್ಗವನ್ನು ಮೇಡಂ ಕೈಗೆ ಕೊಟ್ಟ.

“ಅಯ್ಯೋ, ನಾನ್ಯಾಕೆ?” ಎಂದರು ಮೇಡಂ.

“ನೀನೂ ಗೇಟ್ ಒಳಗಿಂದಾನೇ ಬಂದ್ಯಲ್ಲಮ್ಮಾ, ನಿಂತ್ಕೊಂಡು!”

ಮೊಸರನ್ನದ ಕೈಯಲ್ಲೇ ಮೇಡಂ ಬಾರಿಸಿದರು. ಢಣ್! ನಾನು ಬಾಟ್ಲಿ ಕೆಳಗಿಟ್ಟೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನೂ ಒಳಗಿನಿಂದಲೇ ಬಂದವ, ನಿಂತುಕೊಂಡೇ ಬಂದವ. ಬಿಡುವುದುಂಟಾ? ಢಣ್!

ಹಾಗಾಗಿ, ಸ್ಕೀ ಓಟದಲ್ಲಿ ಗಂಟೆ ಬಾರಿಸಿದ ಉಳ್ಳಾಲದ ಬಸ್ ಡ್ರೈವರ್ ಯಾರಾದರೂ ಇದ್ದರೆ ಅದು ನಾನೊಬ್ಬನೇ. ನಂಬಿಕೆ ಇಲ್ಲದವರು ಆ ಸುಡಾನಿ ಅಜ್ಜನ ಒಂಟೆಗಳನ್ನು ಕೇಳಬಹುದು. ಮೂರು ಢಣ್ ಕೇಳಿ ಮೂರು ಊಟ ಉಂಟೆಂದುಕೊಂಡು ಅವೆಲ್ಲ ಬಂದು ಸಾಲಾಗಿ ನಿಂತಿದ್ದವು. ಡಬ್ಬಿಯ ತಳದಲ್ಲಿ ಉಳಿದ ಮೊಸರನ್ನ ತಿಂದ ಒಂಟೆಯಂತೂ ಖಂಡಿತ ಮರೆತಿರಲಿಕ್ಕಿಲ್ಲ.