ನೀರಿನ ನಡುವೆ ಮೀನಿನಂಗಡಿ

ನಾವು ಕೂತು ಯೋಚನೆ ಮಾಡಿ ಒಂದು ಕೆಲಸಕ್ಕೆ ಕೈ ಹಾಕಿದ ದಿನವೇ ಏನಾದರೊಂದು ಎಡವಟ್ಟು ಆಗುತ್ತದೆ. ಯೋಚನೆ ಮಾಡದ ದಿನಗಳಲ್ಲಿ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ನಾನೂ ನನ್ನ ಗಂಡನೂ ಹೊಗೆನಕಲ್ಲಿನಲ್ಲಿ, ಕಾವೇರಿಯ ನಡುವಿನ ಪುಟ್ಟ ತಿಟ್ಟಿನ ಮೇಲೆ ಅಂಗಡಿ ಹಾಕಿದ್ದೆವು. ಜಲಪಾತ ನೋಡಲು ಬಂದವರನ್ನು ಅವರು ಹರಿಗೋಲಿನಲ್ಲಿ ಕೂರಿಸಿಕೊಂಡು ತಿಟ್ಟಿಗೆ ತರುವುದು, ನಾನು ಮೀನು ಹುರಿದು ಬಡಿಸುವುದು.

ಪೆನ್ನಾಗರಂ ಹತ್ತಿರದ ಊರಲ್ಲಿ ಕುರಿ ಮೇಯಿಸುತ್ತಿದ್ದ ನಮ್ಮಪ್ಪನಿಗೆ ಇದು ಸ್ವಲ್ಪವೂ ಹಿಡಿಸಿರಲಿಲ್ಲ. "ಒಂದು ವರ್ಸ ಟೈಂ ಕೊಡ್ತೀನಿ. ಒಳೆ ತುಂಬಿದಾಗ್ಲೂ ಒಣಗಿದಾಗ್ಲೂ ಅಂಗಡಿ ನಿಂತ್ರೆ ಸರಿ. ಇಲ್ಲಾಂದ್ರೆ ಇಬ್ರೂ ಬಂದು ಕುರಿ ಇಂದೆ ನಡೀರಿ," ಎಂದಿದ್ದ. ಮದುವೆಯಾಗುವ ತನಕ ಕುರಿ ಹಿಂದೆಯೇ ನಡೆದವಳು ನಾನು. ಇನ್ನು ನಡೆಯಲಾರೆ. ಅಂಗಡಿ ಉಳಿಯಲೇಬೇಕಿತ್ತು.

೧. ಸೂರಿನ ಉಪಾಯ

ಹೊಳೆ ಏರಿದಾಗಲೆಲ್ಲ ನಮ್ಮ ಗುಡಿಸಲಿನ ಸೂರು ತೇಲಿ ಮೆಟ್ಟೂರಿನ ಕಡೆಗೆ ಹೊರಟುಬಿಡುತ್ತಿತ್ತು. ನನ್ನ ಗಂಡ ಒಂದು ಉಪಾಯ ಹೂಡಿದರು. "ಪರಿಸಲ್ನೇ ಬೋರಲು ಮಾಡಿ ಕಂಬದ ಮ್ಯಾಲೆ ಇಡಾಣ. ನೀರು ಬಂದ್ರೆ ಸೂರನ್ನೇ ಅತ್ಕೊಂಡು ಓಗ್ಬೋದು." ಹರಿಗೋಲಿಗೆ ನಮ್ಮಲ್ಲಿ ಪರಿಸಲು ಅನ್ನುತ್ತಾರೆ. ಇಂಥ ಬುದ್ಧಿವಂತನನ್ನು ಕಟ್ಟಿಕೊಂಡೆನಲ್ಲ ಎಂದು ನನಗೂ ಹೆಮ್ಮೆಯಾಯಿತು.

ಮೊದಲನೇ ಭಾನುವಾರವೇ ಜೋರು ಮಳೆ. ಸೂರಿನ ಕೆಳಗೆ ಒಂದಷ್ಟು ಜನ ಉಣ್ಣುತ್ತಿದ್ದರು. ಉಂಡು ಕೈತೊಳೆದಿದ್ದ ಓಮಲೂರಿನ ಇಬ್ಬರಿಗೆ ಬಸ್ಸಿನ ಅವಸರ. ನನ್ನ ಗಂಡ ಸೂರಿಗೆ ಕೈ ಹಾಕಿದರು.

"ಯೋವ್, ಉಣ್ಣೋವಾಗ ಸೂರು ಎತ್ಕೊಂಡು ಎಲ್ಲಿಗೆ ಒಂಟೆ?" ಎಂದು ಕೂತವರು ಕೂಗಿದರು.

"ಅದು ಸೂರಲ್ಲ, ನಮ್ಮ ಬಂಡಿ!" ಎಂದರು ನಿಂತವರು.

ಇವರು ಈ ಕಡೆ ಎಳೆದರು, ಅವರು ಆ ಕಡೆ ಎಳೆದರು. ನನಗೆ ರೇಗಿಹೋಯಿತು. "ಎಲ್ಲಾರೂ ಅತ್ಕಳಿ, ಮನೇನೇ ಒಂಟೋಗ್ಲಿ!" ಎಂದೆ. ಎಲ್ಲರೂ ತೊಡೆಯ ಮೇಲೆ ಎಲೆ ಇಟ್ಟುಕೊಂಡು ಹರಿಗೋಲು ಹತ್ತಿದರು. ಪಾತ್ರೆ ಹಿಡಿದು ನಾನೂ ಹತ್ತಿದೆ. ಮಳೆ ನೇರವಾಗಿ ಎಲೆಯ ಮೇಲೇ ಸುರಿಯುತ್ತಿತ್ತು. ನಡುಹೊಳೆಯಲ್ಲಿ ಒಬ್ಬ ಮುದುಕ ಎಲೆಗೆ ಕೈ ಅಡ್ಡ ಹಿಡಿದು ಹೇಳಿದ: "ಸಾರು ಸಾಕು ತಾಯೀ, ಒಂದು ತುಂಡು ಮೀನು ಆಕು."

೨. ಎಣ್ಣೆ ಮೊದಲೋ ದೋಣಿ ಮೊದಲೋ

ಬೇಸಿಗೆಯಲ್ಲಿ ಜಲಪಾತ ಸೊರಗಿ ಜನ ಕಡಿಮೆಯಾದರು. ಆಗ ನನ್ನ ಗಂಡ ಎಣ್ಣೆ ಮಾಲೀಸೂ ಕಲಿತರು. ದಡದಲ್ಲೇ ಎಣ್ಣೆ ತಿಕ್ಕಿ, ಆಮೇಲೆ ತಿಟ್ಟಿಗೆ ಕರೆತಂದು ಸ್ನಾನ ಮಾಡಿಸುವುದು ಅವರ ಲೆಕ್ಕ. ಮೊದಲ ಗಿರಾಕಿಗಳು ಸೇಲಂನ ಮೂವರು ಜವಳಿ ವ್ಯಾಪಾರಿಗಳು, ಮೂವರೂ ದಷ್ಟಪುಷ್ಟ. ಹರಿಗೋಲೋ ಗುಂಡಗಿನ ಪಾತ್ರೆ. ಒಬ್ಬರು ಜಾರಿ ನಡುವಿಗೆ ಬಂದರು, ಅವರ ಮೇಲೆ ಇನ್ನೊಬ್ಬರು, ಅವರ ಮೇಲೆ ಮೂರನೆಯವರು. ಎತ್ತಿ ಕೂರಿಸೋಣವೆಂದರೆ ಹಿಡಿತಕ್ಕೆ ಸಿಗುತ್ತಿಲ್ಲ.

ತಿಟ್ಟು ತಲುಪಿದಾಗ ಎಲ್ಲರಿಗಿಂತ ಕೆಳಗಿದ್ದವರು ಕೇಳಿದರು: "ಜಲಪಾತ ಬಂತಾ? ನಂಗೆ ಇವ್ರ ಒಟ್ಟೆ ಬಿಟ್ರೆ ಬೇರೆ ಏನೂ ಕಾಣಾಕಿಲ್ಲ."

೩. ಮೇಕೆಗಳ ಮುನ್ಸಿಪಾಲಿಟಿ

ಉಂಡ ಎಲೆಗಳನ್ನು ಹೊಳೆಗೆ ಎಸೆದರೆ ನಮ್ಮ ಕುಡಿಯುವ ನೀರೇ ಕೆಡುತ್ತಿತ್ತು. ಅದಕ್ಕೆ ನಾನು ತಿಟ್ಟಿನ ಮೇಲೆ ಎರಡು ಮೇಕೆ ತಂದು ಬಿಟ್ಟೆ. ಮೀನಿನ ವಾಸನೆಗೆ ಮೂಗು ಮುರಿಯಬಹುದು ಅಂದುಕೊಂಡಿದ್ದೆ. ಅವೂ ನನ್ನ ಗಂಡನ ಹಾಗೆ, ಏನು ಕೊಟ್ಟರೂ ತಿಂದವು. ತಿಟ್ಟು ಗುಡಿಸಿದಂತೆ ಆಯಿತು.

ಧರ್ಮಪುರಿಯಿಂದ ಒಬ್ಬ ಸಾಹೇಬರು ಹೆಂಡತಿಯ ಜೊತೆ ಬಂದರು. ಕುಪ್ಪೆ, ಅಂದರೆ ಕಸ, ಕಂಡರೆ ಅಂಗಡಿ ಎತ್ತಿಸುತ್ತಾರಂತೆ ಎಂಬ ಸುದ್ದಿ ಮೊದಲೇ ಬಂದಿತ್ತು. ಅವರು ಸುತ್ತ ನೋಡಿ "ಬಹಳ ಸುತ್ತಮ್!" ಎಂದು, ಚೊಕ್ಕಟವಾಗಿದೆ ಅಂತ, ತಲೆದೂಗಿದರು. ಅಷ್ಟರಲ್ಲಿ ಹಿಂದಿನಿಂದ ಬಂದ ಒಂದು ಮೇಕೆ ಅಮ್ಮಾವರ ಜಡೆಯ ಮಲ್ಲಿಗೆಯನ್ನು ಮೆಲ್ಲಗೆ ಎಳೆಯತೊಡಗಿತು. ನಾನು ಒಲೆಯ ಹಿಂದಿನಿಂದಲೇ ಮೇಕೆಗೆ ಸೌಟು ಬೀಸಿದೆ.

ಅಮ್ಮಾವರು ತಿರುಗಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು, ನೆಲ ನೋಡುತ್ತ ಗಂಡನಿಗೆ ಪಿಸುಗುಟ್ಟಿದರು: "ಸುಮ್ಮಾ ಇರುಂಗ, ಎಲ್ಲಾರುಂ ಪಾಕ್ಕಿರಾಂಗ." ಸುಮ್ಮನಿರಿ, ಎಲ್ಲರೂ ನೋಡುತ್ತಿದ್ದಾರೆ ಅಂತ.

೪. ಅಪ್ಪ ಬಂದ ಭಾನುವಾರ

ವರ್ಷ ತುಂಬಿತು. ನಮ್ಮನ್ನು ಕರೆದೊಯ್ಯಲು ಅಪ್ಪ ಬಂದೇಬಿಟ್ಟ. ಅವನು ಬರುವ ದಿನವೇ ಅಂಗಡಿ ಸೋತಂತೆ ಕಾಣುತ್ತಿತ್ತು. ಪಕ್ಕದ ಬಂಡೆಯ ಮೇಲೆ ಹೊಸದಾಗಿ ಅಂಗಡಿ ಇಟ್ಟವನೊಬ್ಬ, ನಾವು ಕರೆತಂದವರು ನೀರಿಗೆ ಇಳಿದ ಕೂಡಲೇ ಕೈಬೀಸಿ ತನ್ನ ಕಡೆ ಕರೆದುಕೊಳ್ಳುತ್ತಿದ್ದ. ಸ್ನಾನಕ್ಕೆ ಇಳಿದವರೆಲ್ಲ ಬರಿಮೈಯವರು, ಯಾರು ನಮ್ಮವರು ಯಾರು ಅವನವರು ಗೊತ್ತಾಗುತ್ತಿರಲಿಲ್ಲ.

"ಅಪ್ಪಾ, ನಾನು ಒಲೆ ಬಿಟ್ಟು ಬರಾಕಾಗಲ್ಲ. ನಮ್ಮೋರು ಅತ್ಲಾಗೆ ಬೆರೀದಂಗೆ ವಸಿ ನೋಡ್ಕೊ," ಎಂದೆ.

"ಬೆರೀದಂಗೆ ತಾನೆ? ಬಿಡವ್ವ, ಅದು ನನ್ನ ಕೆಲ್ಸ," ಎಂದ ಅಪ್ಪ.

ಸ್ವಲ್ಪ ಹೊತ್ತಿಗೆ ಬಗ್ಗಿ ನೋಡುತ್ತೇನೆ, ಅಪ್ಪ ತನ್ನ ಚೀಲದಿಂದ ಕೆಮ್ಮಣ್ಣು ತೆಗೆದು ಕಲಸಿದ್ದಾನೆ! ಮಂದೆ ಮಂದೆ ಬೆರೆಯದಿರಲೆಂದು ಕುರಿಗಳ ಬೆನ್ನಿಗೆ ಹಚ್ಚುವ ಗುರುತು ಅದು. ಹರಿಗೋಲು ಇಳಿದವರ ಬೆನ್ನಿಗೆಲ್ಲ ಮೂರು ಬೆರಳು ಎಳೆಯುತ್ತಿದ್ದಾನೆ. "ಅಲ್ಲಾಡ್ಬ್ಯಾಡ, ನಿಂತ್ಕ," ಎಂದು ಗದರುತ್ತಿದ್ದಾನೆ.

ನಮ್ಮ ಕಥೆ ಮುಗಿಯಿತು ಎಂದು ನಾನು ತಲೆಮೇಲೆ ಕೈ ಹೊತ್ತು ಓಡಿದೆ. ನೋಡಿದರೆ ಅದಿಯಮಾನ್‌ಕೋಟೆಯ ಒಬ್ಬಳು ಅಜ್ಜಿ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಾಳೆ. "ಸಾಮೀ, ನನ್ನ ಮೊಮ್ಮಗಂಗೂ ಒಂದು ಇಡಿ," ಎನ್ನುತ್ತಿದ್ದಾಳೆ. ಅವಳ ಹಿಂದೆ ಸಾಲು. ಪಕ್ಕದ ಬಂಡೆಯವನ ಗಿರಾಕಿಗಳೂ ಈಜಿಕೊಂಡು ಬಂದು ಆ ಸಾಲಿನಲ್ಲಿ ನಿಂತಿದ್ದಾರೆ. ಅಪ್ಪ ನಾಲಿಗೆ ಲೊಟಗುಟ್ಟಿಸಿ "ಹುರ್ರ್ರ್, ಬಾ ಬಾ ಬಾ" ಎಂದ ಕೂಡಲೇ ಎಲ್ಲರೂ ಅವನ ಹಿಂದೆ ಬಂದು ನನ್ನ ಒಲೆಯ ಸುತ್ತ ಕೂತರು. ಮಧ್ಯಾಹ್ನದ ಹೊತ್ತಿಗೆ ಒಂದು ಮುಳ್ಳೂ ಉಳಿಯಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ನಾನು ಹೆದರಿಕೊಂಡೇ ಕೇಳಿದೆ: "ಏನಪ್ಪಾ, ಗಂಟುಮೂಟೆ ಕಟ್ಟಾಣಾ?"

ಅಪ್ಪ, ದಡದಲ್ಲಿ ಬಸ್ಸಿಗೆ ಕಾದಿದ್ದ ಸೇಲಂನ ಕಾಲೇಜು ಹುಡುಗರನ್ನೇ ನೋಡುತ್ತಿದ್ದ. ಬೆನ್ನ ಮೇಲೆ ಅವನದೇ ಗುರುತು, ಕತ್ತಿನ ತನಕ ಇಳಿಬಿದ್ದ ಕೂದಲು, ಕಿವಿಯ ಮುಂದೆ ಕೆನ್ನೆಗಿಳಿದ ಕೃದಾ.

"ಎಲ್ಲಿಗೂ ಓಗ್ಬ್ಯಾಡಿ," ಎಂದ ಕೊನೆಗೆ. "ಮುಂದಿನ ವಾರ ನಾನೂ ಬತ್ತೀನಿ. ಬರೋವಾಗ ಕತ್ರಿ ತತ್ತೀನಿ, ಈ ಮಂದೇಲಿ ಕೆಲವಕ್ಕೆ ಉಣ್ಣೆ ಬೋ ಬೆಳೆದೈತೆ."