ನರಸಮ್ಮನ ಕಣ್ಣು

ಸಾಯುವವರು ಕೊನೇ ಮಾತನ್ನು ಸ್ವಲ್ಪ ಬಿಡಿಸಿ ಹೇಳಿ ಹೋದರೆ ಉಳಿದವರಿಗೆ ಎಷ್ಟೋ ಉಪಕಾರ. ಬಂಗಾರಪೇಟೆ ಪಕ್ಕದ ಹಳ್ಳಿಯ ನರಸಮ್ಮ ಹಾಗೆ ಮಾಡಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮಗನ ಕೈ ಹಿಡಿದು, "ಚಲಪತಿ, ಕಣ್ಣು ಕೊಟ್ಬುಡ್ಲಾ. ಮಾತು ಕೊಟ್ಟಿದ್ದೀನಿ, ತಪ್ಪಬ್ಯಾಡ," ಅಂದಳು. ಅಷ್ಟೇ, ಹೋಗಿಬಿಟ್ಟಳು.

ಗಾರೆ ಕೆಲಸದ ಚಲಪತಿ ಅಮ್ಮ ಬದುಕಿದ್ದಾಗ ಅವಳ ಮಾತು ಕೇಳಿದ್ದು ಕಮ್ಮಿ. ಇದೊಂದನ್ನಾದರೂ ನಡೆಸಿಕೊಡಬೇಕು ಅಂತ ಅಳುತ್ತಲೇ ಆಸ್ಪತ್ರೆಗೆ ಫೋನ್ ಮಾಡಿದ. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ಬರುತ್ತೇವೆ, ಅಂದರು ಅವರು.

ಫ್ಯಾನ್ ಆರಿಸಿದ್ದೇ ತಡ, ಬೀದಿಯೆಲ್ಲ ಒಳಗೆ ಬಂತು.

"ಕಣ್ಣು ಕಿತ್ಕೊಟ್ರೆ ಮುಂದಿನ ಜನ್ಮದಾಗೆ ಕುರುಡಿಯಾಗಿ ಉಟ್ತಾಳೆ ಕಣ್ಲಾ," ಅಂದರು ಪಕ್ಕದ ಮನೆಯ ಕೋದಂಡಪ್ಪ.

"ಸುಟ್ರೆ ಕೈಕಾಲೂ ಬೂದಿಯಾಗ್ತವೆ ದೊಡ್ಡಪ್ಪ," ಅಂದ ಚಲಪತಿ. " ಆಗ ಏನಾಗಿ ಉಟ್ತಾಳೆ?"

ಕೋದಂಡಪ್ಪನವರು ಸಿಟ್ಟು ಮಾಡಿಕೊಂಡು ಮೂಲೆಗೆ ಹೋಗಿ ಕೂತರು.

ಎದುರುಮನೆ ಅಮ್ಮಾಜಮ್ಮ ಮುಂದೆ ಬಂದಳು. "ಮೊಕದಾಗೆ ಎರಡು ಗುಂಡಿ ಬೀಳ್ತದಂತೆ. ಅದೂ ಅಲ್ದೆ ಪೊರೆ ಆಪರೇಷನ್ ಆಗಿರೋ ಕಣ್ಣು, ಯಾರಿಗೆ ಬೇಕು?" ಅನ್ನುತ್ತಲೇ ಕೊನೇ ಸಲ ಮುಖ ನೋಡುತ್ತೇನೆಂದು ಹತ್ತಿ ತೆಗೆದಳು. ಚಲಪತಿ ತಿರುಗಿ ಇಟ್ಟ. ಅತ್ತ ತಮಟೆಯವರೂ ಬಂದರು. ಹೆಣಕ್ಕೆ ಸ್ನಾನ ಮಾಡಿಸಿ ಎತ್ತಿ ಎಂದು ನಾಲ್ಕು ಜನ ನುಗ್ಗಿದರೆ ಅವನು ಬಾಗಿಲಿಗೆ ಅಡ್ಡ ಕೂತ.

"ಅಮ್ಮನ ಕೊನೇ ಮಾತು. ಯಾರೇನಂದ್ರೂ ತಪ್ಪಲ್ಲ."

ಹಿತ್ತಲಲ್ಲಿ ಸೀಮೆಹಸು ಒಂದೇ ಸಮ ಕೂಗುತ್ತಿತ್ತು. ನರಸಮ್ಮನಿಗೆ ಬಿಟ್ಟು ಬೇರೆಯವರಿಗೆ ಅದು ಕೆಚ್ಚಲು ಮುಟ್ಟಗೊಡುತ್ತಿರಲಿಲ್ಲ. ಗಾರೆ ಕೆಲಸ ಸಿಗದ ದಿನ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಅದರ ಹಾಲಿನಿಂದಲೇ.

ಡಾಕ್ಟರು ಬಂದರು. ತಮಟೆಯವರು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಕೆಲಸ ಮುಗಿಯಿತು. ಮುಖ ಇದ್ದ ಹಾಗೇ ಇತ್ತು, ಮಲಗಿದ ಹಾಗೆ. ಅಮ್ಮಾಜಮ್ಮ ಬಗ್ಗಿ ಬಗ್ಗಿ ನೋಡಿದಳು.

"ನಂದೂ ಪೊರೆ ಆಪರೇಷನ್ ಆಗೈತೆ ಡಾಕ್ಟ್ರೇ, ನನ್ನವೂ ಆಗ್ತವಾ?"

"ಆಗುತ್ತಮ್ಮ. ಅವಸರ ಏನಿಲ್ಲ," ಅಂದರು ಡಾಕ್ಟರು.

ಚಲಪತಿಯ ಜೀವಕ್ಕೆ ನೆಮ್ಮದಿಯಾಯಿತು. ಅಷ್ಟರಲ್ಲಿ ಚಿನ್ನದ ಗಣಿ ಕಡೆಯ ಊರಿಗಾಂಗೆ ಮದುವೆ ಮಾಡಿ ಕೊಟ್ಟಿದ್ದ ತಂಗಿ ರೂಪ ಬಂದಳು. ಅಮ್ಮನ ಮೇಲೆ ಬಿದ್ದು ಅತ್ತು ಅತ್ತು ಸಾಕಾದ ಮೇಲೆ ಕೇಳಿದಳು.

"ಅಣ್ಣಾ, ಅಮ್ಮ ಕಣ್ಣಿನ ಇಸ್ಯ ಏನಾದ್ರೂ ಏಳಿದ್ಳಾ?"

"ಏಳಿದ್ಳು. ಕೊಟ್ಬುಟ್ಟೆ."

"ಯಾರಿಗೆ? ನಂಗೆ ಕೊಡ್ತೀನಿ ಅಂದಿದ್ಳಲ್ಲಾ."

"ನಿನಗ್ಯಾಕಮ್ಮ ಅಮ್ಮನ ಕಣ್ಣು?"

ರೂಪ ಅಣ್ಣನ ಮುಖ ನೋಡಿ ಗಾಬರಿಯಾಗಿ ಹಿತ್ತಲಿಗೆ ಓಡಿದಳು. "ಕಣ್ಣೂ," ಅಂದಳು. ಹಸು ಕೂಗು ನಿಲ್ಲಿಸಿ ಅವಳ ಹೆಗಲಿಗೆ ಮೂತಿ ಒರಗಿಸಿತು.

ಊರಿಗಾಂನ ತಮಿಳಿನವರು ಮಕ್ಕಳನ್ನು ಮುದ್ದಿನಿಂದ ಕರೆಯುವುದೇ ಹಾಗೆ. ಹಸು ಕರುವಾಗಿದ್ದಾಗ ಅದನ್ನು ಸಾಕಿದ ರೂಪ ಆ ಹೆಸರಿಟ್ಟು, ಮೇವಿಗೆ ಗತಿಯಿಲ್ಲದೆ ಅಮ್ಮನ ಹತ್ತಿರ ಬಿಟ್ಟಿದ್ದಳು. ವಾಪಸ್ಸು ಕೊಡುತ್ತೇನೆ ಅಂತ ಅಮ್ಮ ಮಾತು ಕೊಟ್ಟಿದ್ದಳು. ಚಲಪತಿಗೆ ಅದು ಬರೀ ಸೀಮೆಹಸು. ಹಿತ್ತಲಲ್ಲಿ ಅಮ್ಮ ಅದನ್ನು ಏನಂತ ಕರೆಯುತ್ತಾಳೆ ಅಂತ ಅವನು ಒಂದು ದಿನವೂ ಕಿವಿಗೊಟ್ಟಿರಲಿಲ್ಲ.

"ಆದ್ರೂ ರೂಪ, ಹಸು ಹೋದ್ರೆ ಮನೆ ಎಂಗಮ್ಮ ನಡೀತದೆ..." ಅಂತ ಮೆಲ್ಲಗೆ ಶುರುಮಾಡಿದ.

ಕೋದಂಡಪ್ಪ ಬೆಳಗಿನಿಂದ ಇದಕ್ಕೇ ಕಾದಿದ್ದವರ ಹಾಗೆ ಟವೆಲ್ ಕೊಡವಿ ಎದ್ದರು.

"ಅಮ್ಮನ ಕೊನೇ ಮಾತು ಕಣ್ಲಾ," ಅಂದರು. "ಹಗ್ಗ ಬಿಚ್ಚು."