ಯಮುನಮ್ಮನವರ ಬಲಗೈ ಮುಷ್ಟಿಯನ್ನು ಕೊಟ್ಟಿಗೆಗೆ ವಾಪಸು ಕಳುಹಿಸುವ ಬಗ್ಗೆ

ಇಲಾಖೆ: (ಹೆಸರು ಬದಲಾವಣೆಯ ಕಡತ ಮೇಲಿನ ಕಚೇರಿಯಲ್ಲಿದೆ. ಅದು ಬರುವ ತನಕ 'ಇಲಾಖೆ' ಎಂದಷ್ಟೇ ಓದಿಕೊಳ್ಳತಕ್ಕದ್ದು.)
ಸಂಯುಕ್ತ ಘಟಕ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ
ಸಂಖ್ಯೆ: ಮೇವು/ಮುಷ್ಟಿ/ಮರುಪರಿಶೀಲನೆ/೦೭

ಸುತ್ತೋಲೆ

ವಿಷಯ: ರಾಸುಗಳಿಗೆ ಆಂಟಿಬಯೋಟಿಕ್ ಬಳಕೆ ತಗ್ಗಿಸುವ ಸಲುವಾಗಿ ಮನೆಯ ಆಹಾರ ಕೊಡುವಾಗ ಗಮನಿಸಬೇಕಾದ ಅಳತೆ, ಮುಖ ಹಾಗೂ ಸೀರೆ ಕುರಿತು.

ಉಲ್ಲೇಖ:
(೧) ಇದೇ ಘಟಕದ 'ಪ್ರಮಾಣಿತ ಮುಷ್ಟಿ' ಸುತ್ತೋಲೆ. (ಓದದವರು ಇನ್ನು ಓದಬೇಕಾಗಿಲ್ಲ.)
(೨) ಜಾನುವಾರು ಪರಿವೀಕ್ಷಕ ಧರ್ಮಪ್ಪನವರ ವರದಿ, ಪುಟ ೧ರಿಂದ ೧೪. ಒಂಬತ್ತನೇ ಪುಟ ದನದ ಕಲಗಚ್ಚಿನ ಬಕೆಟ್ಟಿನಲ್ಲಿ ಬಿದ್ದದ್ದರಿಂದ ಊಹಿಸಿಕೊಳ್ಳಲಾಗಿದೆ.
(೩) ಶ್ರೀಮತಿ ಯಮುನಮ್ಮ, ನೆಮ್ಮಾರು, ಇವರು ಕೊಪ್ಪ ಬಸ್ ನಿಲ್ದಾಣದಲ್ಲಿ ಬಸ್ಸಿನ ಕಿಟಕಿಯಿಂದ ಸಲ್ಲಿಸಿದ ಮೌಖಿಕ ರಜೆ ಅರ್ಜಿ.

೧. ಹಿನ್ನೆಲೆ. ನೆಮ್ಮಾರಿನ ಯಮುನಮ್ಮನವರ ಕೊಟ್ಟಿಗೆಯಲ್ಲಿ ನಾಲ್ಕು ರಾಸುಗಳಿದ್ದು, ಕಳೆದ ಮೂರು ವರ್ಷಗಳಲ್ಲಿ ಅವುಗಳಲ್ಲಿ ಒಂದಕ್ಕೂ ಆಂಟಿಬಯೋಟಿಕ್ ಸೂಜಿ ಬೀಳದೆ ಇರುವುದು ದಾಖಲೆಗಳಿಂದ ಕಂಡುಬಂದಿರುತ್ತದೆ. ಮೊದಲಿಗೆ ಇದನ್ನು ಗುಮಾಸ್ತರ ತಪ್ಪೆಂದು ಭಾವಿಸಿ ಅವರಿಗೆ ನೋಟಿಸು ನೀಡಲಾಯಿತು. ತಪ್ಪು ಅವರದಲ್ಲವೆಂದು ರುಜುವಾತಾದ ಮೇಲೆ ಬೇರೆ ದಾರಿ ಕಾಣದೆ ಸಂತೋಷಪಡಲಾಯಿತು. ಆ ಮನೆಯಲ್ಲಿ ದನಗಳಿಗೆ ಏನು ಕೊಡುತ್ತಾರೆಂಬುದನ್ನು ಬರೆದು ತಂದು ಮೂರೂ ತಾಲ್ಲೂಕುಗಳಿಗೆ ಹಂಚುವಂತೆ ಧರ್ಮಪ್ಪನವರಿಗೆ ಆದೇಶಿಸಲಾಯಿತು.

೨. ಯಮುನಮ್ಮನವರು ಬಕೆಟ್ಟು ತೊಳೆಯುವುದನ್ನು ನಿಲ್ಲಿಸದೆಯೇ ನೀಡಿದ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: "ಒಂದ್ ಮುಷ್ಟಿ ಮೆಂತೆ ನೆನೆ ಹಾಕೂದು. ಬೇಯ್ಸಿದ್ ಹುರುಳಿ ಎರಡು ಮುಷ್ಟಿ. ಒಂಚೂರು ಜೀರಿಗೆ, ಅರಶಿನ, ಬೆಲ್ಲ. ಹೆಚ್ಚು ಕಮ್ಮಿ ದನದ ಮುಖ ನೋಡಿ ಹಾಕೂದು ಮಾರಾಯ್ರೆ, ಮತ್ತೆಂತ ಇಲ್ಲ. ಜ್ವರ ಗಿರ ಬಂದ್ರೆ ಡಾಕ್ಟ್ರಿಗೆ ಫೋನ್ ಮಾಡ್ತೀನಿ. ಅದು ಬೇರೆ, ಇದು ಬೇರೆ." ಈ ಸಮಯದಲ್ಲಿ ಜಗಲಿಯಲ್ಲಿದ್ದ ಅವರ ಪತಿ ವಾಸಪ್ಪನವರು, "ನಂಗೆ ಬಡ್ಸೋವಾಗ ಯಾರೂ ಮುಖ ನೋಡಲ್ಲ" ಎಂದು ಹೇಳಿದ್ದು, ಇದು ವಿಷಯಕ್ಕೆ ಸಂಬಂಧಿಸಿಲ್ಲವೆಂದು ಬದಿಗಿರಿಸಲಾಗಿದೆ.

೩. ಮುಷ್ಟಿ. ಒಂದು ಮುಷ್ಟಿ ಎಂದರೆ ಎಷ್ಟು ಎಂಬ ಪ್ರಶ್ನೆ ಎದ್ದು, ಕಚೇರಿಯಲ್ಲಿ ಮೆಂತ್ಯ ತರಿಸಿ ತೂಗಿ ನೋಡಲಾಯಿತು. ಧರ್ಮಪ್ಪನವರ ಮುಷ್ಟಿಯಲ್ಲಿ ಎಪ್ಪತ್ತೊಂದು ಗ್ರಾಂ, ಬೆರಳಚ್ಚುಗಾರರ ಮುಷ್ಟಿಯಲ್ಲಿ ಇಪ್ಪತ್ತೊಂಬತ್ತು ಗ್ರಾಂ ಬಂದಿತು. ಪ್ರಭಾರ ಅಧಿಕಾರಿಗಳು ಮುಷ್ಟಿ ಬಿಚ್ಚಲು ಒಪ್ಪದ ಕಾರಣ ಅವರದ್ದು ಗೌಪ್ಯವಾಗಿ ಉಳಿದಿದೆ. ಈ ಗೊಂದಲವನ್ನು ತಪ್ಪಿಸಲು ಯಮುನಮ್ಮನವರ ಬಲಗೈ ಮುಷ್ಟಿಯನ್ನೇ (ನಲವತ್ತಾರು ಗ್ರಾಂ, ಒಣ ಮೆಂತ್ಯ) ಮೂರು ತಾಲ್ಲೂಕುಗಳ ಪ್ರಮಾಣಿತ ಮುಷ್ಟಿಯೆಂದು ಘೋಷಿಸಿ, ಉಲ್ಲೇಖ ಒಂದರಲ್ಲಿ ಕೆಳಕಂಡಂತೆ ಆದೇಶಿಸಲಾಗಿತ್ತು:

(ಅ) ಪ್ರಮಾಣಿತ ಮುಷ್ಟಿಯು ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಕೊಪ್ಪದ ಕಚೇರಿಯಲ್ಲಿ ಲಭ್ಯವಿರತಕ್ಕದ್ದು. ದನ ಸಾಕಿದವರೆಲ್ಲರೂ ಸರದಿಯಲ್ಲಿ ಬಂದು ತಮ್ಮ ಮುಷ್ಟಿಯನ್ನು ಅದರೊಂದಿಗೆ ತಾಳೆ ನೋಡಿ ಮೊಹರು ಹಾಕಿಸಿಕೊಳ್ಳತಕ್ಕದ್ದು.

(ಆ) ಮುಷ್ಟಿಯನ್ನು ಮಾತ್ರ ಪ್ರತ್ಯೇಕವಾಗಿ ತರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿಲ್ಲದ್ದರಿಂದ ಯಮುನಮ್ಮನವರನ್ನೂ ಜೊತೆಯಲ್ಲಿ ತರಿಸಿಕೊಳ್ಳತಕ್ಕದ್ದು. ಲಿಖಿತ ಅನುಮತಿಯಿಲ್ಲದೆ ಮುಷ್ಟಿಯು ಕೊಪ್ಪ ಪಟ್ಟಣದ ಗಡಿ ದಾಟುವಂತಿಲ್ಲವಾದ್ದರಿಂದ ಅವರು ಅಲ್ಲಿಯೇ ಇರುವ ತಂಗಿ ಗಂಗಾಂಬಿಕೆಯವರ ಮನೆಯಲ್ಲಿ ತಂಗತಕ್ಕದ್ದು.

(ಇ) ಮುಷ್ಟಿಯು ದಪ್ಪವಾಗುವಂತಿಲ್ಲ. ತಂಗಿಯ ಮನೆಯಲ್ಲಿ ಎರಡನೇ ಸಲ ಕಡುಬು ಬಡಿಸಲು ಬಂದಲ್ಲಿ ಎಲೆಗೆ ಕೈ ಅಡ್ಡ ಹಿಡಿಯತಕ್ಕದ್ದು. ಹಿಡಿಯುವ ಕೈ ಎಡಗೈ ಆಗಿರತಕ್ಕದ್ದು.

(ಈ) ಕಚೇರಿ ಮುಗಿದ ಮೇಲೆ ಮುಷ್ಟಿಗೆ ಅರಗಿನ ಮುದ್ರೆ ಒತ್ತುವ ಪ್ರಸ್ತಾವವಿದ್ದು, ಊಟಕ್ಕೆ ಅಡ್ಡಿಯಾಗುವ ಕಾರಣ ಕೈಬಿಡಲಾಗಿದೆ.

(ಉ) ಸಿಟ್ಟು ಬಂದಾಗ ಮುಷ್ಟಿ ಬಿಗಿಯಾಗಿ ನಾಲ್ಕು ಗ್ರಾಂ ಕಡಿಮೆ ಹಿಡಿಯುವುದು ಪ್ರಯೋಗದಿಂದ ದೃಢಪಟ್ಟಿರುವುದರಿಂದ, ಕಚೇರಿ ವೇಳೆಯಲ್ಲಿ ಯಮುನಮ್ಮನವರಿಗೆ ಯಾರೂ ಸಿಟ್ಟು ಬರಿಸತಕ್ಕದ್ದಲ್ಲ. ಇದನ್ನು ಹೇಗೆ ಸಾಧಿಸಲಾಗುವುದೆಂದು ತಿಳಿಸುವಂತೆ ವಾಸಪ್ಪನವರು ಮಾಹಿತಿ ಹಕ್ಕಿನಡಿ ಅರ್ಜಿ ಸಲ್ಲಿಸಿದ್ದಾರೆ.

೪. ಮುಖ. 'ದನದ ಮುಖ ನೋಡಿ' ಎಂಬಲ್ಲಿ ಎಷ್ಟು ಹೊತ್ತು, ಎಷ್ಟು ದೂರದಿಂದ ಎಂಬುದು ಸ್ಪಷ್ಟವಿಲ್ಲದ ಕಾರಣ 'ನಮೂನೆ ಮುಖ-೧' ಹೊರಡಿಸಲಾಗಿತ್ತು. ಇದರಲ್ಲಿ ಮುಖಗಳನ್ನು ಪ್ರಸನ್ನ, ಸಾಧಾರಣ, ಬಿಗುಮಾನ, 'ಏನೋ ಇದೆ ಆದರೆ ಹೇಳುತ್ತಿಲ್ಲ' ಎಂದು ನಾಲ್ಕಾಗಿ ವಿಂಗಡಿಸಿ, ದನದ ಒಂದು ಮತ್ತು ಸಾಕಿದವರ ಒಂದು ಭಾವಚಿತ್ರ ಅಂಟಿಸಲು ಸೂಚಿಸಲಾಗಿತ್ತು. ಕಿಗ್ಗದ ರೈತರೊಬ್ಬರ ಚಿತ್ರವು ದನದ ಚೌಕದಲ್ಲಿ ಅಂಟಿಹೋಗಿ, 'ಸಾಧಾರಣ, ಮೆಂತ್ಯ ಹೆಚ್ಚಿಸಿ' ಎಂಬ ಷರಾದೊಂದಿಗೆ ಮಂಜೂರಾಗಿರುತ್ತದೆ. ಅವರು ಮೆಂತ್ಯ ಹೆಚ್ಚಿಸಿಕೊಂಡು ಆರೋಗ್ಯವಾಗಿದ್ದಾರೆ.

೫. ಘಟನೆ. ಮುಷ್ಟಿಯು ಕೊಪ್ಪಕ್ಕೆ ಬಂದ ಮೂರನೇ ದಿನ ನೆಮ್ಮಾರಿನಲ್ಲಿ ಚೆಲುವಿ ಎಂಬ ತುಂಬು ಗಬ್ಬದ ಹಸುವು ಮೇವು ಬಿಟ್ಟಿರುತ್ತದೆ. ವಾಸಪ್ಪನವರು ಫೋನಿನಲ್ಲಿ, "ಬಾಯಿಗೆ ಎಂತದೂ ಹಾಕ್ತಿಲ್ಲ ಕಣೆ. ಬಾಗ್ಲು ನೋಡ್ಕಂಡು ನಿಂತದೆ" ಎಂದು ಹೇಳಿದ್ದನ್ನು ಸರದಿಯಲ್ಲಿದ್ದ ಎಲ್ಲರೂ ಕೇಳಿಸಿಕೊಂಡಿದ್ದಾರೆ. ಯಮುನಮ್ಮನವರು ರಜೆ ಕೇಳಿದರು. ಅಳತೆಗೋಲುಗಳಿಗೆ ರಜೆ ಇರುವುದಿಲ್ಲವೆಂದು ನಿಯಮ ತೋರಿಸಲಾಯಿತು. ಅಂದು ಮಧ್ಯಾಹ್ನ ತಾಳೆ ನೋಡಿದ ಇಪ್ಪತ್ತೆರಡು ಮುಷ್ಟಿಗಳೂ ತಿರಸ್ಕೃತವಾದವು. ಕಾರಣ ಹುಡುಕಲಾಗಿ, ತಪ್ಪು ರೈತರ ಮುಷ್ಟಿಯಲ್ಲಿರಲಿಲ್ಲ, ಯಮುನಮ್ಮನವರ ಕೈ ನಡುಗುತ್ತಿತ್ತು. ಸಿಟ್ಟಿಗೆ ನಾಲ್ಕು ಗ್ರಾಂ ಎಂದು ಬರೆದಿಟ್ಟಿದ್ದ ಇಲಾಖೆಯು ಹೆದರಿಕೆಗೆ ಎಷ್ಟೆಂದು ಯೋಚಿಸಿಯೇ ಇರಲಿಲ್ಲ.

೬. ಸೀರೆ. ತುರ್ತು ಕ್ರಮವಾಗಿ ಧರ್ಮಪ್ಪನವರನ್ನು ನಲವತ್ತಾರು ಗ್ರಾಂ ಮೆಂತ್ಯ, ತೊಂಬತ್ತೆರಡು ಗ್ರಾಂ ಹುರುಳಿಯೊಂದಿಗೆ ನೆಮ್ಮಾರಿಗೆ ಕಳುಹಿಸಲಾಯಿತು. ಚೆಲುವಿಯು ಮೂಸಿ ಮುಖ ತಿರುಗಿಸಿತು. ಒಡತಿಯ ಸೀರೆ ಉಟ್ಟು ಹೋದರೆ ಹಸು ಒಗ್ಗುವ ವಾಡಿಕೆಯನ್ನು ವಾಸಪ್ಪನವರು ತಿಳಿಸಿದ ಮೇರೆಗೆ ಧರ್ಮಪ್ಪನವರು ಯಮುನಮ್ಮನವರ ಹಸಿರು ಚೌಕಳಿ ಸೀರೆಯನ್ನು ಪ್ಯಾಂಟಿನ ಮೇಲೆಯೇ ಉಟ್ಟಿರುತ್ತಾರೆ. ಸೀರೆಯುಟ್ಟ ಅವಧಿಯನ್ನು ಕರ್ತವ್ಯದ ಅವಧಿಯೆಂದೇ ಪರಿಗಣಿಸಲಾಗುವುದು. ಚೆಲುವಿಯು ಸೆರಗನ್ನು ಅತ್ಯಂತ ಪ್ರೀತಿಯಿಂದ ನೆಕ್ಕಿ, ಧರ್ಮಪ್ಪನವರ ಮುಖವನ್ನು ಒಮ್ಮೆ ನೋಡಿ, ಪುನಃ ಬಾಗಿಲ ಕಡೆ ತಿರುಗಿತು.

ಪಶುವೈದ್ಯೆ ಡಾ. ಕಾವ್ಯ ಅವರು ಪರೀಕ್ಷಿಸಿ, ಜ್ವರವಿಲ್ಲ, ಬಾವಿಲ್ಲ, ಕರು ಸರಿಯಾಗಿದೆ, ಆದರೆ ಹೀಗೇ ಹಸಿದಿದ್ದರೆ ಕರು ಹಾಕಲು ತ್ರಾಣ ಸಾಲದು ಎಂದು ತಿಳಿಸಿ, ಚೀಟಿಯಲ್ಲಿ 'ಯಮುನಮ್ಮ, ದಿನಕ್ಕೆ ಎರಡು ಸಲ' ಎಂದು ಬರೆದುಕೊಟ್ಟರು. ಸದರಿ ಔಷಧಿಯು ಇಲಾಖೆಯ ದಾಸ್ತಾನಿನಲ್ಲಿ ಇದೆಯೇ ಎಂದು ಪರಿಶೀಲಿಸಲಾಗಿ, ಇದೆ, ಆದರೆ ಕೊಪ್ಪದಲ್ಲಿ ಇಟ್ಟುಕೊಳ್ಳಲಾಗಿದೆ ಎಂದು ಗೊತ್ತಾಯಿತು.

೭. ಗಡಿ ಉಲ್ಲಂಘನೆ. ನಾಲ್ಕನೇ ದಿನ ಬೆಳಿಗ್ಗೆ ಹತ್ತೂಕಾಲಿಗೆ ಪ್ರಮಾಣಿತ ಮುಷ್ಟಿಯು ಶೃಂಗೇರಿ ಬಸ್ಸಿನ ಕಂಬಿ ಹಿಡಿದಿರುವುದು ಪತ್ತೆಯಾಯಿತು. ಪ್ರಭಾರ ಅಧಿಕಾರಿಗಳು ಹಾಜರಿ ಪುಸ್ತಕದೊಂದಿಗೆ ನಿಲ್ದಾಣಕ್ಕೆ ಓಡಿದರು. ಯಮುನಮ್ಮನವರು ಕಿಟಕಿಯಿಂದ, "ಸಾರ್, ಅಳತೆ ಬೇಕಾರೆ ಪೇಪರಲ್ಲಿ ಬರ್ಕಳಿ. ಕೈ ನಂದು. ಅಲ್ಲಿ ನನ್ ದನ ಹಸ್ಕಂಡು ನಿಂತದೆ" ಎಂದು ಅರ್ಜಿ ಸಲ್ಲಿಸಿದರು. ಅಧಿಕಾರಿಗಳು ಅನುಮತಿ ಪತ್ರಕ್ಕೆ ಪೆನ್ನು ಹುಡುಕುವಷ್ಟರಲ್ಲಿ ಕಂಡಕ್ಟರು ಸೀಟಿ ಊದಿಯಾಗಿತ್ತು.

ಕೊಟ್ಟಿಗೆಗೆ ಬಂದ ಯಮುನಮ್ಮನವರು ಧರ್ಮಪ್ಪನವರು ತಂದಿಟ್ಟಿದ್ದ ತಕ್ಕಡಿಯನ್ನು ಕಾಲಿನಿಂದ ಬದಿಗೆ ಸರಿಸಿದರು. "ಎಂತ ಮಾರಾಯ್ತಿ, ನಾನು ಬಂದೆ" ಎಂದರು. ಚೆಲುವಿಯು ಅವರ ಕೈಯನ್ನು ಮೊಣಕೈವರೆಗೆ ನೆಕ್ಕಿ, ಆಮೇಲೆ ಬಕೆಟ್ಟಿಗೆ ಮುಖ ಹಾಕಿತು. ಇನ್ನೂ ಸೀರೆಯಲ್ಲೇ ಇದ್ದ ಧರ್ಮಪ್ಪನವರು ಪಕ್ಕದಲ್ಲಿ ನಿಂತು ಅಳತೆ ಬರೆದುಕೊಂಡಿದ್ದು, ಮೊದಲು ಒಂದು ಮುಷ್ಟಿ, ಮುಖ ನೋಡಿ ಇನ್ನರ್ಧ, ಮತ್ತೆ ಮುಖ ನೋಡಿ ಚಿಟಿಕೆಯಷ್ಟು. ಯಾವ ಎರಡು ಮುಷ್ಟಿಯೂ ಒಂದೇ ಅಳತೆಯದಾಗಿರಲಿಲ್ಲ. ವರದಿಯ ಕೊನೆಯಲ್ಲಿ ಅವರು, 'ಯಮುನಕ್ಕ ಅಳೆಯುವುದೇ ಇಲ್ಲ ಸಾರ್, ಮಾತಾಡುತ್ತಾರೆ' ಎಂದು ಬರೆದು, ಸೆರಗಿನಿಂದ ಕಣ್ಣೊರೆಸಿಕೊಂಡ ಬಗ್ಗೆ ಸ್ವತಃ ತಪ್ಪೊಪ್ಪಿಕೊಂಡಿರುತ್ತಾರೆ. ಮರುದಿನ ಬೆಳಿಗ್ಗೆ ಚೆಲುವಿ ಹೆಣ್ಣು ಕರು ಹಾಕಿದೆ. ತಾಯಿ, ಕರು, ಧರ್ಮಪ್ಪ ಮೂವರೂ ಕ್ಷೇಮ.

೮. ಮೇಲ್ಕಂಡ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಸಂಬಂಧಿಸಿದ ಎಲ್ಲರೂ ಹೀಗೆ ನಡೆದುಕೊಳ್ಳಬೇಕೆಂದು ತಿಳಿಯಪಡಿಸಲಾಗಿದೆ:

(ಅ) ಪ್ರಮಾಣಿತ ಮುಷ್ಟಿಯನ್ನು ರದ್ದುಪಡಿಸಲಾಗಿದೆ. ಆಯಾ ದನಕ್ಕೆ ಆಯಾ ಮನೆಯವರ, ಅದು ಗುರುತು ಹಿಡಿಯುವ ಮುಷ್ಟಿಯೇ ಮುಷ್ಟಿ.

(ಆ) ತಿರಸ್ಕೃತವಾದ ಇಪ್ಪತ್ತೆರಡು ಮುಷ್ಟಿಗಳನ್ನು ಊರ್ಜಿತಗೊಳಿಸಲಾಗಿದೆ. ನಾಚಿಕೆಯಿಂದ ಕೈಯನ್ನು ಜೇಬಿನಲ್ಲಿಟ್ಟುಕೊಂಡವರು ಹೊರತೆಗೆಯಬಹುದು.

(ಇ) 'ನಮೂನೆ ಮುಖ-೧' ಹಿಂಪಡೆಯಲಾಗಿದೆ. ಮುಖವನ್ನು ನೋಡಿದರೆ ಸಾಕು, ಭರ್ತಿ ಮಾಡಬೇಕಾಗಿಲ್ಲ.

(ಈ) ಕಾಯಿಲೆ ಬಿದ್ದ ದನವನ್ನು ಮೆಂತ್ಯದ ಮರೆಯಲ್ಲಿ ಬಚ್ಚಿಡದೆ ಡಾಕ್ಟರನ್ನು ಕರೆಯತಕ್ಕದ್ದು. ಇದೊಂದು ಷರತ್ತನ್ನು ಇಲಾಖೆಯು ನಗದೆ ಬರೆದಿದೆ.

(ಉ) ಧರ್ಮಪ್ಪನವರು ಸೀರೆಯನ್ನು ಒಗೆದು, ಮಡಿಸಿ, ಹಿಂದಿರುಗಿಸತಕ್ಕದ್ದು.

(ಊ) ಪ್ರಮಾಣಿತ ಅಳತೆಯನ್ನು ಅನುಮತಿಯಿಲ್ಲದೆ ಗಡಿ ದಾಟಿಸಿದ ಬಗ್ಗೆ ಯಮುನಮ್ಮನವರಿಂದ ವಿವರಣೆ ಕೇಳಲಾಗಿತ್ತು. ನೋಟಿಸು ಹಿಡಿದು ಹೋದ ಧರ್ಮಪ್ಪನವರಿಗೆ ಅವರು ಒಂದು ತಟ್ಟೆ ಗಿಣ್ಣು ಕೊಟ್ಟು, ಇನ್ನೊಂದಿಷ್ಟನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, "ಇದು ನಿಮ್ ಸಾಹೇಬ್ರಿಗೆ, ಪಾಪ, ಬಸ್ಸಿನ ಹಿಂದೆ ಓಡಿದ್ರು" ಎಂದು ಕಳುಹಿಸಿದ್ದಾರೆ. ಸದರಿ ವಿವರಣೆಯನ್ನು ಪ್ರಭಾರ ಅಧಿಕಾರಿಗಳು ತಳದವರೆಗೂ ಪರಿಶೀಲಿಸಿದ್ದು, ಅದು ತೃಪ್ತಿಕರವಾಗಿರುತ್ತದೆ. ಪ್ರಕರಣವನ್ನು ಮುಕ್ತಾಯಗೊಳಿಸಿದೆ.

ಸಹಿ/-
(ಗಜಾನನ)
ಪ್ರಭಾರ ಅಧಿಕಾರಿ, ಸಂಯುಕ್ತ ಘಟಕ
ಕೊಪ್ಪ

ಪ್ರತಿಗಳು:
೧. ಮೂರೂ ತಾಲ್ಲೂಕುಗಳ ಪಶು ಚಿಕಿತ್ಸಾಲಯಗಳ ಸೂಚನಾ ಫಲಕಕ್ಕೆ.
೨. ಡಾ. ಕಾವ್ಯ ಅವರಿಗೆ, ಚೀಟಿಯ ಎರಡನೇ ಪ್ರತಿ ಕಳುಹಿಸುವ ಕೋರಿಕೆಯೊಂದಿಗೆ. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲಾಗುವುದು.
೩. ಶ್ರೀಮತಿ ಗಂಗಾಂಬಿಕೆಯವರಿಗೆ, ಕಡುಬಿನ ನಿರ್ಬಂಧ ತೆರವಾಗಿರುವುದನ್ನು ತಿಳಿಸುತ್ತಾ.
೪. ಶ್ರೀ ವಾಸಪ್ಪನವರಿಗೆ. ಕೇಳಿದ ಮಾಹಿತಿಯು ಇಲಾಖೆಯಲ್ಲಿಯೂ ಲಭ್ಯವಿಲ್ಲ.
೫. ಚೆಲುವಿ, ನೆಮ್ಮಾರು. ಯಮುನಮ್ಮನವರು ಓದಿ ಹೇಳುವುದು. ಕಾಗದವನ್ನು ತಿಂದಲ್ಲಿ, ತಲುಪಿದೆಯೆಂದು ಭಾವಿಸಲಾಗುವುದು.